ಒಂದು ಗೇಣು ದೂರದ ಪುಸ್ತಕ

ಬೆಂಗಳೂರು, ಭಾನುವಾರ

ಪ್ರಿಯ ಗೆಳೆಯಾ,

ಮೂರು ವಾರದ ಕೂಸಿಗೆ ಪುಸ್ತಕವಾ ಅಂತ ನಿಮ್ಮಮ್ಮ ನಗ್ತಿದ್ದಾರೆ ಅಂತ ಬರೆದಿದ್ದೀಯ. ತೊಟ್ಟಿಲ ಪಕ್ಕ ಕೂತು ಅವರು ಹೇಳೋ ಜೋಗುಳಕ್ಕೂ ಇದಕ್ಕೂ ಅಂಥಾ ವ್ಯತ್ಯಾಸವೇನಿಲ್ಲ ಕಣೋ. ಹೊಟ್ಟೆಯಲ್ಲಿದ್ದಾಗಲೇ ಮಗುವಿಗೆ ಕಿವಿ ಕೇಳಿಸುತ್ತೆ, ಹುಟ್ಟುವ ಹೊತ್ತಿಗೆ ಅಮ್ಮನ ದನಿ ಗುರುತಾಗಿರುತ್ತೆ. ಇನ್ನು ಪರಿಚಯ ಆಗಬೇಕಾದ್ದು ನಿನ್ನ ದನಿ. ಪುಸ್ತಕ ಅದಕ್ಕೊಂದು ನೆಪ.

ಹಾಗಂತ ಆನ್‌ಲೈನಲ್ಲಿ ದುಬಾರಿ ಸೆಟ್ ತರಿಸಬೇಡ. ಈ ವಯಸ್ಸಿನಲ್ಲಿ ಕಣ್ಣಿಗೆ ಸ್ವಲ್ಪ ಸ್ಪಷ್ಟವಾಗಿ ಕಾಣೋದು 20ರಿಂದ 30 ಸೆಂ.ಮೀ. ದೂರದ್ದು. ನಮ್ಮ ಲೆಕ್ಕದಲ್ಲಿ ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು. ಆಚೆಗೆಲ್ಲ ಮಸುಕು. 'ಬೇಬಿ ಕಲರ್' ಅಂತ ಮಾರುವ ತಿಳಿಗುಲಾಬಿ, ತಿಳಿನೀಲಿ ಚಿತ್ರಗಳು ನಮಗೆ ಚೆಂದ, ಕೂಸಿಗೆ ಬರೀ ಮಬ್ಬು. ಬಿಳಿ ರಟ್ಟನ್ನು 15 ಸೆಂ.ಮೀ. ಚೌಕ ಕತ್ತರಿಸಿ, ದಪ್ಪ ಮಾರ್ಕರಿನಲ್ಲಿ ಎರಡು ಬೆರಳಗಲದ ಕಪ್ಪು ಪಟ್ಟೆ, ಒಳಗೊಳಗೆ ಸುತ್ತು ಬಳೆ, ನಾಲ್ಕು ಚುಕ್ಕಿಯ ರಂಗೋಲಿ ಬರಿ. ಒಂದು ರಟ್ಟಿಗೆ ಒಂದೇ ಚಿತ್ರ. ಸಣ್ಣ ಗೆರೆ ಎಳೆದರೆ ಅದಕ್ಕೆ ಕಾಣಲ್ಲ. ಲ್ಯಾಮಿನೇಷನ್ ಮಾಡಿಸುವುದಾದರೆ ಮೂಲೆಗಳನ್ನು ದುಂಡಗೆ ಕತ್ತರಿಸು, ಇಲ್ಲದಿದ್ದರೆ ಕೆನ್ನೆ ಗೀರುತ್ತೆ. ಟ್ಯೂಬ್‌ಲೈಟ್ ಒಂದು ಪಕ್ಕಕ್ಕಿರಲಿ. ಆಗಲೂ ಹೊಳಪು ಕಣ್ಣಿಗೆ ಹೊಡೆದರೆ ರಟ್ಟನ್ನು ಸ್ವಲ್ಪ ಓರೆ ಮಾಡು.

ಹೊತ್ತು ನೋಡಿಕೊಳ್ಳುವುದೇ ಅರ್ಧ ಕೆಲಸ. ಹಾಲು ಕುಡಿದು, ತೇಗು ಬಂದು, ಬಟ್ಟೆ ಬದಲಿಸಿ, ಕೈಕಾಲು ಬಡಿಯದೆ ಕಣ್ಣರಳಿಸಿ ನೋಡ್ತಾ ಇರುತ್ತಲ್ಲ, ಆಗ. ದಿನದಲ್ಲಿ ಅಂಥ ಗಳಿಗೆ ಸಿಗೋದೇ ಕಡಿಮೆ. ಮಂಡಿ ಮಡಚಿ ಕೂತು, ತೊಡೆಯ ಇಳಿಜಾರಿನ ಮೇಲೆ ನಿನ್ನ ಕಡೆ ಮುಖ ಮಾಡಿ ಮಲಗಿಸು, ಕತ್ತಿಗೆ ಕೈ ಆಸರೆ ಇರಲಿ. ರಟ್ಟನ್ನು ನಿನ್ನ ಗಲ್ಲದ ಪಕ್ಕ ಹಿಡಿ, ಮುಖವೂ ಚಿತ್ರವೂ ಒಟ್ಟಿಗೆ ಕಾಣಲಿ. ಎರಡು ಮೂರು ನಿಮಿಷ ಸಾಕು. ಮುಖ ತಿರುಗಿಸಿದರೆ, ಆಕಳಿಸಿದರೆ, ಬೆನ್ನು ಬಿಲ್ಲಿನಂತೆ ಬಾಗಿಸಿದರೆ, ಬೆರಳು ಅಗಲಿಸಿ ಚಾಚಿದರೆ ಮುಚ್ಚಿಡು. ಎಲ್ಲರೂ ಎಡವುವುದು ಇಲ್ಲೇ: ಇಷ್ಟವಾಗಲಿಲ್ಲವೇನೋ ಅಂತ ಇನ್ನೊಂದು ಚಿತ್ರ ತಂದು ಅಲ್ಲಾಡಿಸ್ತಾರೆ. ಅದಕ್ಕೆ ಸಾಕಾಗಿರುತ್ತೆ, ಅಷ್ಟೇ.

ಓದುವಾಗ ಪುಸ್ತಕದ ಕನ್ನಡವನ್ನು ಬಾಯಿಕನ್ನಡ ಮಾಡಿಕೋ. 'ಆನೆ ನೀರು ಕುಡಿಯುತ್ತಿದೆ' ಅಂತಿದ್ದರೆ 'ಆನೆ ನೀರು ಕುಡೀತಿದೆ, ಗುಳುಗುಳು' ಅನ್ನು. ಚಿಟಪಟ, ದಬದಬ, ಟಪ್ ಟಪ್: ನಮ್ಮ ಭಾಷೆಯಲ್ಲಿ ಇಂಥದ್ದಕ್ಕೆ ಬರವಿಲ್ಲ, ಎಳೆಗಿವಿಗೆ ರುಚಿಸೋದೂ ಇದೇ. ಒಂದು ಸಾಲು ಹೇಳಿ ಮನಸ್ಸಲ್ಲೇ ಐದು ಎಣಿಸು. ಎರಡು ತಿಂಗಳ ಹೊತ್ತಿಗೆ ಆ ಬಿಡುವಿನಲ್ಲಿ 'ಊಂ' ಅನ್ನೋಕೆ ಶುರು ಮಾಡುತ್ತೆ. ನೀನೂ 'ಊಂ' ಅನ್ನು, ಮಾತುಕತೆ ಅಲ್ಲಿಂದಲೇ. ನಿಮ್ಮತ್ತೆ ತೆಲುಗಿನಲ್ಲಿ ಹೇಳಿದರೆ ಹೇಳಲಿ ಬಿಡು, ಎರಡು ಭಾಷೆ ಕೇಳಿ ಮಗು ಗೊಂದಲಕ್ಕೆ ಬೀಳಲ್ಲ. ದೊಡ್ಡ ಸದ್ದಿಗೂ ಬೆಚ್ಚದಿದ್ದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ಹೇಳು. ಕಿವಿಯ ಮೊದಲ ತಪಾಸಣೆ ತಿಂಗಳೊಳಗೆ ಮುಗಿದಿರಬೇಕು, ಆಸ್ಪತ್ರೆಯ ಚೀಟಿ ತೆಗೆದು ನೋಡು.

ನಾಲ್ಕೈದು ತಿಂಗಳಿಗೆ ಪುಸ್ತಕ ಬಾಯಿಗೆ ಹೋಗುತ್ತೆ. ಬೈಬೇಡ, ಅದು ಓದುವ ಕ್ರಮವೇ ಹಾಗೆ. ಆದರೆ ಜೊಲ್ಲಿನಲ್ಲಿ ನೆಂದ ರಟ್ಟು ಪದರ ಬಿಡುತ್ತೆ, ಆ ಚೂರು ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಮೂಲೆ ಮೆತ್ತಗಾದ ಪುಸ್ತಕ ಕೈಗೆ ಕೊಡಬೇಡ. ಇಂಗ್ಲಿಷ್ ಪದದ ಮೇಲೆ ಕನ್ನಡ ಸ್ಟಿಕರ್ ಅಂಟಿಸುವ ಉಪಾಯವೂ ಬೇಡ, ಕಿತ್ತು ನುಂಗುತ್ತೆ. ಚಿತ್ರ ನೋಡ್ಕೊಂಡು ಕನ್ನಡದಲ್ಲೇ ಹೇಳು. ಸ್ಟೇಪ್ಲರ್ ಪಿನ್ ಇರುವ ಪುಸ್ತಕ ನಿನ್ನ ಕೈಯಲ್ಲೇ ಇರಲಿ. ಬಟ್ಟೆ ಪುಸ್ತಕವನ್ನು ಬಿಸಿಲಿದ್ದ ದಿನ ನೋಡಿ ಒಗಿ. ನಮ್ಮೂರ ಜಡಿಮಳೆಯಲ್ಲಿ ಒಳಗಿನ ಸ್ಪಂಜು ಒಣಗದೆ ಬೂಷ್ಟು ಹಿಡಿಯುತ್ತೆ.

ಕನ್ನಡದಲ್ಲಿ ಗಟ್ಟಿ ರಟ್ಟಿನ ಪುಸ್ತಕ ಕಡಿಮೆ. ನೀನು ಹಿಡಿದು ಓದಲು ತೆಳು ಪುಸ್ತಕವೂ ನಡೆಯುತ್ತೆ. ನಮ್ಮೂರಿನದೇ ಪ್ರಕಾಶನ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ, ಮೊದಲ ಹಂತದವು ನೋಡು. ಮೊಬೈಲಿನಲ್ಲಿ ಮಾತ್ರ ತೋರಿಸಬೇಡ. ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆ ಕಥೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟ್ ತೆಗೆಸು, ಇಂಕ್‌ಜೆಟ್ ಬಣ್ಣ ಜೊಲ್ಲಿಗೆ ಕರಗುತ್ತೆ. ಪುಸ್ತಕದಂಗಡಿಗೆ, ಗಾಂಧಿಬಜಾರಿನ ಅಂಕಿತಕ್ಕೋ ಗಾಂಧಿನಗರದ ಸಪ್ನಾಕ್ಕೋ ಹೋದರೆ ಪುಟಕ್ಕೊಂದೇ ದೊಡ್ಡ ಚಿತ್ರ, ಎರಡೇ ಸಾಲು ಇರುವುದನ್ನು ಆರಿಸು. ಎರಡು ಸಾಕು. ಹತ್ತು ತಂದರೂ ಇನ್ನೊಂದು ವರ್ಷ ನೀನು ಓದೋದು ಅದೇ ಎರಡನ್ನೇ.

ನಿನ್ನ,
ಗೆಳೆಯ