ತಟ್ಟೆಯಲ್ಲಿ ಉಳಿಯುವ ಕೊನೆಯ ಗ್ಯೋಜಾ

ಚಿರಂಜೀವಿ ಅನಿರುದ್ಧನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಬರುವ ಶನಿವಾರ ಟೋಕಿಯೊದಿಂದ ಉತ್ಸುನೊಮಿಯಾಕ್ಕೆ ಹೋಗಿ, ಹೆಸರಾಂತ ಅಂಗಡಿಯೊಂದರಲ್ಲಿ ಸಹಪಾಠಿಯೊಂದಿಗೆ ಗ್ಯೋಜಾ, ಅಂದರೆ ಹೂರಣ ತುಂಬಿದ ಪುಟ್ಟ ಕಡುಬಿನ ಊಟ ಮಾಡುವುದಾಗಿ ಬರೆದಿದ್ದೀಯೆ. ನಾನು ಜಪಾನಿನಲ್ಲಿದ್ದ ವರ್ಷಗಳಲ್ಲಿ ಇದೇ ಊಟವನ್ನು ಹಲವರೊಂದಿಗೆ ಹಂಚಿಕೊಂಡಿದ್ದೇನೆ, ಒಂದೆರಡು ಬಾರಿ ಕೆಡಿಸಿಯೂ ಇದ್ದೇನೆ. ಆದ್ದರಿಂದ ನೀನು ಕೇಳದಿದ್ದರೂ ನಾಲ್ಕು ಮಾತು ಬರೆಯುತ್ತಿದ್ದೇನೆ, ಬೇಸರಿಸಬೇಡ.

ನಿನ್ನ ಸ್ನೇಹಿತ ಹಮಾಮಾತ್ಸುವಿನವನೆಂದು ಓದಿ ನಗು ಬಂತು. ಉತ್ಸುನೊಮಿಯಾ ಹಿಂದೆ ಸೇನೆಯ 14ನೆಯ ಡಿವಿಷನ್ನಿನ ನೆಲೆಯಾಗಿತ್ತು. ಚೀನಾದಲ್ಲಿದ್ದ ಸೈನಿಕರು ಎರಡನೆಯ ಮಹಾಯುದ್ಧದ ನಂತರ ಮರಳುವಾಗ ಅಲ್ಲಿ ಕಲಿತ ಈ ತಿನಿಸನ್ನು ಜೊತೆಗೆ ತಂದರೆಂದು ಆ ಊರಿನವರು ಹೇಳುತ್ತಾರೆ. ಹಮಾಮಾತ್ಸುವಿನವರಿಗೂ ತಮ್ಮ ಗ್ಯೋಜಾದ ಮೇಲೆ ಅಷ್ಟೇ ಅಭಿಮಾನ. ಕುಟುಂಬಗಳು ಗ್ಯೋಜಾಕ್ಕೆ ಮಾಡುವ ಖರ್ಚಿನ ಸರಕಾರಿ ಸಮೀಕ್ಷೆಯಲ್ಲಿ ಮೊದಲ ಸ್ಥಾನಕ್ಕಾಗಿ ಈ ಎರಡು ಊರುಗಳು ವರ್ಷಗಟ್ಟಲೆ ಸೆಣಸುತ್ತಿದ್ದಾಗ, 2021ರಲ್ಲಿ ಮಿಯಾಜಾಕಿ ಎಂಬ ಇನ್ನೊಂದು ಊರು ಎರಡನ್ನೂ ಹಿಂದಿಕ್ಕಿತು. ಆ ಸಮೀಕ್ಷೆಯಾದರೋ ಮನೆಗೆ ಕೊಂಡೊಯ್ಯುವ ಸಿದ್ಧ ಗ್ಯೋಜಾವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ, ಅಂಗಡಿಯಲ್ಲಿ ಕುಳಿತು ತಿಂದದ್ದನ್ನಲ್ಲ. ಹೀಗಿರುವಾಗ ಯಾವ ಊರಿನದು ಹೆಚ್ಚು ರುಚಿ ಎಂಬ ವಾದಕ್ಕೆ ನೀನು ಇಳಿಯಬೇಡ. ಗ್ಯೋಜಾವನ್ನು ವೃತ್ತಾಕಾರವಾಗಿ ಜೋಡಿಸಿ, ನಡುವೆ ಬೇಯಿಸಿದ ಮೊಳಕೆಕಾಳನ್ನಿಡುವುದು ಅವನ ಊರಿನ ಪದ್ಧತಿ. ಅದಿಲ್ಲವೆಂದು ಅವನು ಗೊಣಗಿದರೆ ಗೊಣಗಲಿ, ಅದು ತವರಿನ ನೆನಪು.

ಸರದಿಯಲ್ಲಿ ನಿಲ್ಲುವ ಮುನ್ನವೇ ಇತ್ಯರ್ಥವಾಗಬೇಕಾದ ಎರಡು ಮಾತುಗಳಿವೆ. ಹೂರಣದಲ್ಲಿ ಎಲೆಕೋಸೇ ಹೆಚ್ಚಿದ್ದರೂ ಸಾಮಾನ್ಯವಾಗಿ ಅದರಲ್ಲಿ ಹಂದಿಮಾಂಸ ಇರುತ್ತದೆ. ಅದು ನಿನಗೆ ಒಗ್ಗದಿದ್ದರೆ ಸಂಕೋಚಪಟ್ಟು ನುಂಗುವುದಕ್ಕಿಂತ ಮೊದಲೇ ಹೇಳಿಬಿಡುವುದು ಸ್ನೇಹಿತನಿಗೆ ತೋರಿಸುವ ಮರ್ಯಾದೆ. ಹಾಗೆಯೇ ಮಧ್ಯಾಹ್ನ ಅವನಿಗೆ ಕೆಲಸವೋ ಯಾರದಾದರೂ ಭೇಟಿಯೋ ಇದ್ದರೆ ಬೆಳ್ಳುಳ್ಳಿಯ ವಾಸನೆ ಅವನನ್ನು ಮುಜುಗರಕ್ಕೀಡುಮಾಡಬಹುದು. ಬೆಳ್ಳುಳ್ಳಿ ಹಾಕದ ಗ್ಯೋಜಾ ಮಾಡುವ ಅಂಗಡಿಗಳೂ ಇವೆಯಾದ್ದರಿಂದ ಕೇಳಿಯೇ ಅಂಗಡಿಯನ್ನು ಆರಿಸು.

ಒಂದು ತಟ್ಟೆಗೆ ಸಾಮಾನ್ಯವಾಗಿ ಐದೋ ಆರೋ ಗ್ಯೋಜಾ ಇರುತ್ತವೆ. ಜನಜಂಗುಳಿಯ ಅಂಗಡಿಯಲ್ಲಿ ಮತ್ತೊಮ್ಮೆ ಹೇಳಿ ತರಿಸಿಕೊಳ್ಳುವುದು ತಡವಾಗುತ್ತದೆ, ಆದ್ದರಿಂದ ಇಬ್ಬರಿಗೆ ಬೇಕಾದದ್ದನ್ನೆಲ್ಲ ಒಮ್ಮೆಲೇ ಹೇಳಿ. ಎರಡು ತಟ್ಟೆ ಯಾಕಿ, ಅಂದರೆ ಬಾಣಲೆಯಲ್ಲಿ ಸುಟ್ಟದ್ದು, ಜೊತೆಗೆ ಒಂದು ಬಟ್ಟಲು ಸುಯಿ, ಅಂದರೆ ನೀರಿನಲ್ಲಿ ಬೇಯಿಸಿದ್ದು, ಇಷ್ಟು ನನ್ನ ಲೆಕ್ಕ. ಮೊದಲು ತಿನ್ನಬೇಕಾದದ್ದು ಯಾಕಿಯನ್ನೇ. ಬಿಸಿ ಬಾಣಲೆಯಲ್ಲಿ ಒತ್ತೊತ್ತಾಗಿ ಜೋಡಿಸಿ, ನೀರು ಸುರಿದು ಮುಚ್ಚಿ ಹಬೆಯಲ್ಲಿ ಬೇಯಿಸಿ, ನೀರು ಇಂಗಿದ ಮೇಲೆ ತಳವನ್ನು ಗರಿಗರಿಯಾಗಿಸಿರುತ್ತಾರೆ. ಆ ಗರಿ ತನ್ನದೇ ಹಬೆಗೆ ಕೆಲವೇ ನಿಮಿಷಗಳಲ್ಲಿ ಮೆತ್ತಗಾಗುತ್ತದೆ. ಸುಯಿಯಾದರೋ ಬಿಸಿನೀರಿನಲ್ಲಿ ನಿಮಗಾಗಿ ಕಾಯುತ್ತಿರುತ್ತದೆ.

ನಾನು ಕೆಡಿಸಿದ ಊಟವೂ ಇಲ್ಲಿಯೇ ಕೆಟ್ಟದ್ದು. ನನ್ನ ಸ್ನೇಹಿತನೊಬ್ಬ ಮೇಲಧಿಕಾರಿಯೊಡನೆ ನನಗಾದ ಜಗಳದ ಕಥೆಯನ್ನು ಕೇಳುತ್ತ, ಊಟದ ಕಡ್ಡಿಗಳನ್ನು ಕೈಯಲ್ಲಿ ಹಿಡಿದು ಸೌಜನ್ಯದಿಂದ ಕುಳಿತೇ ಇದ್ದ. ಕಥೆ ಮುಗಿಯುವ ವೇಳೆಗೆ ಗ್ಯೋಜಾ ಒದ್ದೆ ಕಾಗದದಂತಾಗಿತ್ತು, ಬಾಗಿಲಾಚೆ ಸರದಿ ಇನ್ನಷ್ಟು ಬೆಳೆದಿತ್ತು. ಆ ಅವಸರದಲ್ಲಿ, ಉಪಚಾರವೆಂದು, ಒಂದನ್ನು ನನ್ನ ಕಡ್ಡಿಗಳಿಂದ ನೇರವಾಗಿ ಅವನ ಕಡ್ಡಿಗಳಿಗೆ ಚಾಚಿದೆ. ಅವನು ಮಾತಿಲ್ಲದೆ ಕಡ್ಡಿ ಕೆಳಗಿಟ್ಟು ತನ್ನ ಪುಟ್ಟ ತಟ್ಟೆಯನ್ನು ಮುಂದಕ್ಕೆ ಸರಿಸಿದ. ಶವಸಂಸ್ಕಾರದ ನಂತರ ಅಸ್ಥಿಯನ್ನು ಹಾಗೆ ಕಡ್ಡಿಯಿಂದ ಕಡ್ಡಿಗೆ ದಾಟಿಸುತ್ತಾರೆಂಬುದು ನನಗೆ ತಿಳಿದದ್ದು ಆಮೇಲೆ. ಹಂಚುವುದಿದ್ದರೆ ತಟ್ಟೆಯಲ್ಲಿಡು. ಬಡಿಸಲು ಬೇರೆ ಕಡ್ಡಿ ಬೇಕಾದರೆ ಕೇಳು, ಕೊಡುತ್ತಾರೆ.

ಅದ್ದಿಕೊಳ್ಳುವ ವಿಷಯದಲ್ಲಿ ಅವರವರ ನಾಲಗೆ ಅವರದು. ಸೋಯಾ ಸಾಸ್, ವಿನಿಗರ್, ಖಾರದೆಣ್ಣೆಯಾದ ರಾಯು, ಇವನ್ನು ನಿನ್ನ ಬಟ್ಟಲಿನಲ್ಲಿ ಬೆರೆಸಿಕೋ, ಅವನ ಬಟ್ಟಲಿಗೆ ನೀನು ಸುರಿಯಬೇಡ. ನನಗಂತೂ ವಿನಿಗರಿಗೆ ಕಾಳುಮೆಣಸಿನ ಪುಡಿ ಉದುರಿಸಿದರೆ ಸಾಕು.

ಇನ್ನು ಕೊನೆಯ ಗ್ಯೋಜಾ. ಹಂಚಿ ತಿನ್ನುವ ತಟ್ಟೆಯಲ್ಲಿ ಒಂದೇ ಒಂದು ಉಳಿದು, ಯಾರೂ ಕೈಚಾಚದೆ ತಣ್ಣಗಾಗುವುದಕ್ಕೆ ಒಸಾಕಾದ ಕಡೆಯವರು ‘ಎನ್‌ರ್ಯೊ ನೊ ಕತಮಾರಿ’ ಎನ್ನುತ್ತಾರೆ, ಅಂದರೆ ಸಂಕೋಚದ ಮುದ್ದೆ. ಸಮನಾಗಿ ಎಣಿಸಿ ತಿಂದರೂ ಇದು ತಪ್ಪುವುದಿಲ್ಲ, ಏಕೆಂದರೆ ಇಬ್ಬರ ಹಸಿವು ಸಮನಾಗಿರುವುದಿಲ್ಲ. ಅವನು ಬೇಗಬೇಗ ತಿನ್ನುತ್ತಿದ್ದನೇ, ಅಥವಾ ಆಗಲೇ ನೀರಿನ ಲೋಟದತ್ತ ತಿರುಗಿದ್ದನೇ ಎಂಬುದನ್ನು ಮೊದಲಿನಿಂದಲೂ ಗಮನಿಸುತ್ತಿದ್ದರೆ ಅದು ಯಾರದೆಂದು ನಿನಗೇ ತಿಳಿಯುತ್ತದೆ. ಅವನದಾದರೆ ‘ನೀನೇ ತಿನ್ನು’ ಎಂದು ಒಮ್ಮೆ ಹೇಳು, ಮೂರು ಬಾರಿ ಹೇಳಿ ಪೀಡಿಸಬೇಡ. ನಿನಗೇ ಹಸಿವಿದ್ದರೆ ಕೇಳಿ ತೆಗೆದುಕೋ.

ಹಣವನ್ನು ವಾರಿಕನ್ ಪದ್ಧತಿಯಂತೆ ಸಮಪಾಲು ಮಾಡಿಕೊಳ್ಳಿ, ಯೆನ್‌ಗಳ ಚಿಲ್ಲರೆ ಇಟ್ಟುಕೊಂಡಿರು. ಭಕ್ಷೀಸು ಕೊಡುವ ರೂಢಿ ಅಲ್ಲಿಲ್ಲ. ಹೊರಡುವಾಗ ‘ಗೊಚಿಸೋಸಮಾ’, ಅಂದರೆ ಊಟಕ್ಕೆ ಧನ್ಯವಾದ, ಎಂದು ಒಲೆಯ ಬಳಿಯವರಿಗೆ ಕೇಳುವಂತೆ ಹೇಳು. ಊಟವಾದೊಡನೆ ಜಾಗ ಬಿಟ್ಟುಕೊಡಿ. ಊರ ನಡುವೆಯೇ ಫುತಾರಾಯಾಮಾ ದೇಗುಲದ ಮೆಟ್ಟಿಲುಗಳಿವೆ, ನಿಮ್ಮ ಉದ್ದನೆಯ ಮಾತುಗಳನ್ನೆಲ್ಲ ಅಲ್ಲಿಗೆ ಉಳಿಸಿಕೊಳ್ಳಿ. ಸುಯಿ ಹೇಗಿತ್ತೆಂದು ನನಗೆ ಬರೆ.

ಇಂತಿ ನಿನ್ನ ಪ್ರೀತಿಯ ದೊಡ್ಡಪ್ಪ