ಆ ಹುಡುಗನನ್ನು ಇನ್ನೊಂದು ಸಲ ಕರೆಸು

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ನಗುತ್ತಾ ಹೇಳಿದ ಮಾತು ಇನ್ನೂ ತಲೆಯಲ್ಲೇ ಸುತ್ತುತ್ತಿದೆ. ಗೋಡೌನ್ ಕೆಲಸಕ್ಕೆ ಒಬ್ಬ ಹುಡುಗ ಬಂದಿದ್ದ, ಜೊತೆಗೆ ಅವನ ಅಪ್ಪ. ಮುಖ ಎತ್ತಿ ನೋಡಲಿಲ್ಲ. ‘ನಿನ್ನ ಬಗ್ಗೆ ಹೇಳಪ್ಪಾ’ ಅಂದರೆ ‘ಏನು ಹೇಳಬೇಕು?’ ಅಂತ ನಿನ್ನನ್ನೇ ಕೇಳಿದ. ಆಟಿಸಂ ಅಂತೆ, ಕಳಿಸಿಬಿಟ್ಟೆ ಅಂದೆ. ನಾನು ‘ಹೂಂ’ ಅಂದು ಸುಮ್ಮನಾದೆ. ನನ್ನ ತಮ್ಮನಿಗೂ ಆಟಿಸಂ, ಅವನ ವಿಷಯ ನಿನಗೆ ಅರ್ಧ ಮಾತ್ರ ಗೊತ್ತು. ಉಳಿದರ್ಧ ಹೇಳದೇ ಇದ್ದದ್ದು ನನ್ನ ತಪ್ಪೇ.

ಅವನೂ ಇಂಥ ಏಳೆಂಟು ಇಂಟರ್ವ್ಯೂ ಕಂಡವನು. ಬಿ.ಕಾಂ ಪಾಸಾಗಿತ್ತು, ಟ್ಯಾಲಿ ಚೆನ್ನಾಗಿ ಬರುತ್ತಿತ್ತು. ಆದರೂ ಎಲ್ಲ ಕಡೆ ಹತ್ತು ನಿಮಿಷಕ್ಕೆ ಹೊರಗೆ. ಒಬ್ಬರು ‘ನಿನ್ನ ವೀಕ್‌ನೆಸ್ ಏನು?’ ಅಂತ ಕೇಳಿದ್ದಕ್ಕೆ ಬೆರಳು ಮಡಚುತ್ತಾ ಹನ್ನೊಂದು ಹೇಳಿದ್ದಾನೆ. ಹನ್ನೊಂದೂ ನಿಜ! ಅಲ್ಲಿ ಚೂರು ಸುಳ್ಳು ಬೆರೆಸಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಒಂದು ಕಡೆ ಡೇಟಾ ಎಂಟ್ರಿ ಕೆಲಸ ಸಿಕ್ಕಿತು. ನಾಲ್ಕೇ ತಿಂಗಳಿಗೆ ಬಿಟ್ಟ. ತಲೆಯ ಮೇಲಿನ ಟ್ಯೂಬ್‌ಲೈಟ್ ಗುಂಯ್ ಅನ್ನುತ್ತಿತ್ತಂತೆ. ನಮ್ಮ ಗಮನಕ್ಕೇ ಬಾರದ ಸದ್ದು, ಅವನಿಗೆ ದಿನವಿಡೀ ಕಿವಿಯೊಳಗೆ ಜೀರುಂಡೆ. ಕುರ್ಚಿ ಆ ಕಡೆ ಹಾಕಿಕೊಳ್ಳಲಾ ಅಂತ ಕೇಳಿದರೆ ‘ಅಡ್ಜಸ್ಟ್ ಮಾಡ್ಕೋ’ ಅಂದರು. ಆಮೇಲೆ ಒಂದು ವರ್ಷ ಮನೆಯಲ್ಲೇ. ಅಮ್ಮ ಹೊತ್ತ ಹರಕೆಗಳು ಎಷ್ಟೋ, ನಾನು ಬೈದದ್ದು ಅದಕ್ಕಿಂತ ಜಾಸ್ತಿ.

ಈಗ ಅವನು ಔಷಧಿ ಹೋಲ್‌ಸೇಲ್ ಗೋಡೌನಿನಲ್ಲಿದ್ದಾನೆ, ಮೂರನೇ ವರ್ಷ. ಆ ಮಾಲೀಕರ ಹತ್ತಿರ ಒಂದು ಸಂಸ್ಥೆಯ ಹೆಣ್ಣುಮಗಳು ಹೋಗಿ, ‘ಇಂಟರ್ವ್ಯೂ ಬೇಡ ಸಾರ್, ಎರಡು ವಾರ ಕೆಲಸ ಕೊಟ್ಟು ನೋಡಿ’ ಅಂದಳಂತೆ. ಅವಳನ್ನು ಜಾಬ್ ಕೋಚ್ ಅನ್ನುತ್ತಾರೆ. ಮೊದಲ ವಾರ ಪೂರ್ತಿ ಅವನ ಪಕ್ಕದಲ್ಲೇ ಇದ್ದಳು. ಆಮೇಲೆ ಅರ್ಧ ದಿನ, ಆಮೇಲೆ ವಾರಕ್ಕೊಂದು ಸಲ. ನಿಜ ಹೇಳಬೇಕೆಂದರೆ ಅವಳು ಇವನಿಗಿಂತ ಜಾಸ್ತಿ ಪಾಠ ಮಾಡಿದ್ದು ಉಳಿದ ಕೆಲಸಗಾರರಿಗೆ.

ಮೂರನೇ ವಾರ ಯಾರೋ ‘ಇಲ್ಲೇ ಇರು, ಈಗ ಬಂದೆ’ ಅಂದು ಹೋದರು. ಬರಲಿಲ್ಲ. ಇವನು ಊಟವನ್ನೂ ಬಿಟ್ಟು ರ‍್ಯಾಕಿನ ಪಕ್ಕ ಎರಡೂವರೆ ಗಂಟೆ ನಿಂತಿದ್ದ. ನಾವಾಡುವ ಕನ್ನಡ ಎಷ್ಟು ಸೊಟ್ಟ ಅಂತ ನನಗೆ ಅವತ್ತು ಹೊಳೆಯಿತು ಕಣೋ. ಹೋಗುವಾಗ ‘ಬಂದೆ’ ಅನ್ನುತ್ತೇವೆ. ‘ನೋಡೋಣ’ ಅಂದರೆ ಆಗಲ್ಲ ಅಂತ ಅರ್ಥ. ‘ಐದು ನಿಮಿಷ’ಕ್ಕಂತೂ ಲೆಕ್ಕವೇ ಇಲ್ಲ. ಈಗ ಅಲ್ಲಿ ಎಲ್ಲರೂ ಗಡಿಯಾರ ನೋಡಿ ಹೇಳುತ್ತಾರೆ: 3.15ಕ್ಕೆ ಬರ್ತೀನಿ. ಬಂದ ಮಾಲನ್ನು ಏನು ಮಾಡಬೇಕು ಅನ್ನುವುದನ್ನು ಬರೆದು ಕಂಬಕ್ಕೆ ಅಂಟಿಸಿದ್ದಾರೆ. ಬಿಲ್ ನೋಡು, ಬ್ಯಾಚ್ ನಂಬರ್ ತಾಳೆ ಹಾಕು, ಎಕ್ಸ್‌ಪೈರಿ ಹತ್ತಿರ ಇರುವುದನ್ನು ಮುಂದಿಡು. ತಮಾಷೆ ಏನು ಗೊತ್ತಾ, ಆ ಹಾಳೆಯನ್ನು ಈಗ ಎಲ್ಲರೂ ನೋಡುತ್ತಾರೆ.

ಆಯುಧಪೂಜೆ ದಿನ ಪಟಾಕಿ ಹೊಡೆಯುವ ಮೊದಲೇ ಅವನಿಗೆ ಹೇಳಿ ಮನೆಗೆ ಕಳಿಸುತ್ತಾರೆ. ಮಂಡಕ್ಕಿ ಪೊಟ್ಟಣ ಕೈಯಲ್ಲಿ ಹಿಡಿದು ಹನ್ನೊಂದಕ್ಕೆಲ್ಲ ಬಂದುಬಿಡುತ್ತಾನೆ.

ಎಲ್ಲ ಸಲೀಸು ಅಂತ ಅಂದ್ಕೋಬೇಡ. ಒಂದು ದಿನ ಗಿರಾಕಿ ಎದುರಿಗೇ ಮಾಲೀಕರಿಗೆ ‘ನಿಮ್ಮ ಲೆಕ್ಕ ತಪ್ಪು’ ಅಂದುಬಿಟ್ಟ. ಲೆಕ್ಕ ತಪ್ಪೇ ಆಗಿತ್ತು, ಅದು ಬೇರೆ ವಿಷಯ. ಇನ್ನು ಆಟಿಸಂ ಇದ್ದವರೆಲ್ಲ ಲೆಕ್ಕದಲ್ಲಿ ಪ್ರಚಂಡರು ಅನ್ನೋದು ಸಿನಿಮಾದವರು ಹಬ್ಬಿಸಿದ ಕಥೆ. ಕೆಲವರಿಗೆ ಮಾತೇ ಇರುವುದಿಲ್ಲ, ಕೆಲವರಿಗೆ ಜೀವನಪೂರ್ತಿ ಒಬ್ಬರು ಜೊತೆಗೆ ಬೇಕು. ನನ್ನ ತಮ್ಮನಿಗೆ ಇವತ್ತಿಗೂ ಬಸ್ ಬದಲಾದರೆ ಕೈಕಾಲು ಆಡುವುದಿಲ್ಲ.

ಇಂಟರ್ವ್ಯೂ ಬಿಟ್ಟು ಕೆಲಸ ಕೊಟ್ಟು ನೋಡುವುದು ಇವತ್ತಿನ ಹೊಸ ಐಡಿಯಾ ಏನಲ್ಲ. ಡೆನ್ಮಾರ್ಕಿನಲ್ಲಿ ಥಾರ್ಕಿಲ್ ಸೊನ್ನೆ ಅಂತ ಒಬ್ಬರು, ಮಗನಿಗೆ ಆಟಿಸಂ. 2004ರಲ್ಲಿ ಸ್ಪೆಷಲಿಸ್ಟರ್ನೆ ಅನ್ನೋ ಕಂಪನಿ ಕಟ್ಟಿದರು. ಬಂದವರಿಗೆ ಪ್ರಶ್ನೆ ಕೇಳುವ ಬದಲು ಲೆಗೋ ರೋಬೋಟ್ ಕೊಟ್ಟು ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡುತ್ತಿದ್ದರು. 2013ರಲ್ಲಿ ಜರ್ಮನಿಯ ದೊಡ್ಡ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ ಅವರ ಜೊತೆ ಕೈಜೋಡಿಸಿತು. ಅಷ್ಟರಲ್ಲಾಗಲೇ ಎಸ್‌ಎಪಿಯ ಬೆಂಗಳೂರು ಆಫೀಸಿನಲ್ಲಿ ಆಟಿಸಂ ಇರುವ ಕೆಲವರು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದರು. ದೊಡ್ಡವರ ಮಾತು ಬಿಡು ಅನ್ನುತ್ತೀಯಾ? ವಿಕಲಚೇತನರೇ ನಡೆಸುವ ಮಿಟ್ಟಿ ಕೆಫೆ 2017ರಲ್ಲಿ ಶುರುವಾದದ್ದು ನಿಮ್ಮ ಹುಬ್ಬಳ್ಳಿಯಲ್ಲೇ.

ಸರ್ಕಾರಿ ಕೆಲಸಕ್ಕೆ ಪ್ರಯತ್ನಿಸಲಿ ಅನ್ನಬೇಡ. 2016ರ ಕಾಯ್ದೆಯಲ್ಲಿ ವಿಕಲಚೇತನರಿಗೆ ಶೇ. 4 ಮೀಸಲಾತಿ ಇದೆ. ಅದರಲ್ಲಿ ಒಂದೇ ಒಂದು ಪಾಲನ್ನು ಆಟಿಸಂ, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ, ಕಲಿಕಾ ತೊಂದರೆ ಇರುವವರೆಲ್ಲ ಹಂಚಿಕೊಳ್ಳಬೇಕು. ಒಂದು ಹೋಳಿಗೆ, ಇಡೀ ಪಂಕ್ತಿಗೆ. ಉಳಿದವರು ನಿನ್ನಂಥವರ ಬಾಗಿಲಿಗೇ ಬರಬೇಕಲ್ವಾ?

ಆ ಅಪ್ಪನ ನಂಬರ್ ನಿನ್ನ ಹತ್ತಿರ ಇದ್ದೇ ಇರುತ್ತದೆ. ಹುಡುಗನ ನಂಬರ್ ಇಸ್ಕೋ. ಫೋನ್ ಮಾಡಬೇಡ, ಮೆಸೇಜ್ ಹಾಕು. ಯಾವ ದಿನ, ಎಷ್ಟು ಗಂಟೆಗೆ, ಯಾವ ಗೇಟು, ಯಾರನ್ನು ಕೇಳಬೇಕು, ಏನು ಕೆಲಸ, ಎಷ್ಟು ಹೊತ್ತಿಗೆ ಬಿಡುತ್ತೀಯ, ಎರಡು ವಾರಕ್ಕೆ ಎಷ್ಟು ಸಂಬಳ, ಎಲ್ಲ ಬರೆ. ಮತ್ತೆ 10 ಗಂಟೆ ಅಂತ ಬರೆದರೆ 10ಕ್ಕೆ ನೀನೂ ಅಲ್ಲಿರು. ನಿನ್ನ ಹತ್ತೂಕಾಲು ಅವನಿಗೆ ನಡೆಯುವುದಿಲ್ಲ.

ನಿನ್ನ,
ಮೈಸೂರಿನ ಗೆಳೆಯ