ಊರಿನ ತೋಟಕ್ಕೆ ಕೊಬ್ಬಿನ ಗೂಡು ಬೇಡ

ಅಮೆರಿಕದ ಹಿತ್ತಿಲುಗಳಲ್ಲಿ ಚಳಿಗಾಲವೆಂದರೆ, ಹಕ್ಕಿಗಳಿಗೆಂದು ತಂತಿಗೂಡಿನಲ್ಲಿಟ್ಟ ಪ್ರಾಣಿಕೊಬ್ಬಿನ ಬಿಲ್ಲೆಗೆ ಡೌನಿ ಎಂಬ ಪುಟ್ಟ ಮರಕುಟಿಗಗಳು ಬರುವ ಕಾಲ. ಗೂಡಿನ ಕೆಳಗೆ ಗೇಣುದ್ದ ಹಲಗೆ ಇಳಿಬಿಟ್ಟರೆ ಹಕ್ಕಿ ಬಾಲ ಊರಿ ನೆಮ್ಮದಿಯಿಂದ ತಿನ್ನುತ್ತದೆ. ಹಲಗೆ ಇಲ್ಲದಿದ್ದರೆ ಬಾಲಕ್ಕೆ ಆಸರೆ ಸಿಗದು. ತಲೆಯ ಹಿಂಬದಿಯಲ್ಲಿ ಕೆಂಪು ಮಚ್ಚೆಯಿರುವುದು ಗಂಡು. ಅದು ಬಂದರೆ ಹೆಣ್ಣು ಜಾಗ ಬಿಡುತ್ತದೆ. ಕಾಡಿನಲ್ಲೂ ಹಾಗೆಯೇ: ಸಣ್ಣ ಕೊಂಬೆಗಳು ಗಂಡಿನ ಪಾಲು, ಹೆಣ್ಣಿಗೆ ದಪ್ಪ ಕೊಂಬೆ.

ರಜೆಗೆ ಅಮೆರಿಕದಿಂದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಹೊರಟವರು ದಯವಿಟ್ಟು ಈ ಗೂಡನ್ನು ಪೆಟ್ಟಿಗೆಗೆ ಹಾಕಿಕೊಳ್ಳಬೇಡಿ. ಕಾಸರಗೋಡಿನಲ್ಲಿ ಡಿಸೆಂಬರಿನ ಮಧ್ಯಾಹ್ನವೂ 30 ಡಿಗ್ರಿ ದಾಟುತ್ತದೆ. ಕೊಬ್ಬು ಕರಗಿ ಕಮಟುತ್ತದೆ, ಗರಿಗೆ ಮೆತ್ತಿಕೊಂಡರೆ ಗರಿ ನೀರು ತಡೆಯುವುದಿಲ್ಲ. ಅಲ್ಲಿನ ಹಕ್ಕಿಗೆ ಚಳಿಗಾಲದ ಬರವೂ ಇಲ್ಲ. ಇರುವೆ, ಗೆದ್ದಲು, ಕೊರೆಹುಳು ತೋಟದಲ್ಲೇ ಇವೆ.

ತೆಂಗಿನ ತೋಟದಲ್ಲಿ ಸುಲಭವಾಗಿ ಕಾಣುವುದು ಹೊಂಬೆನ್ನಿನ ಮರಕುಟಿಗ. ಗಂಡಿಗೆ ಹಣೆಯಿಂದಲೇ ಕೆಂಪು. ಹೆಣ್ಣಿನ ಹಣೆ ಕಪ್ಪು, ಮೇಲೆ ಬಿಳಿ ಚುಕ್ಕೆ, ಹಿಂದಿನ ಜುಟ್ಟು ಮಾತ್ರ ಕೆಂಪು. ಸೊಂಟ, ಅಂದರೆ ಬಾಲದ ಬುಡದ ಮೇಲ್ಭಾಗ, ಕಪ್ಪಾಗಿರಬೇಕು, ಕೆಂಪಾಗಿದ್ದರೆ ಅದು ಬೇರೆ ಜಾತಿ. ಬೆಳಿಗ್ಗೆ ಏಳರಿಂದ ಒಂಬತ್ತು ಒಳ್ಳೆಯ ಹೊತ್ತು. ಕರ್ಕಶ ನಗೆಯಂಥ ಕೂಗು ಕೇಳಿತೆಂದು ಅತ್ತ ಓಡಿದರೆ ಹಕ್ಕಿ ಕಾಂಡದ ಹಿಂದಕ್ಕೆ ಸರಿಯುತ್ತದೆ, ನೀವು ಸುತ್ತಿದಂತೆ ಅದೂ ಸುತ್ತುತ್ತದೆ. ನಿಂತಲ್ಲೇ ಐದು ನಿಮಿಷ ನಿಲ್ಲಿ. ಕುಪ್ಪಳಿಸುತ್ತ ಮೇಲೇರುತ್ತದೆ, ಮತ್ತೆ ಹಾರಿ ಇನ್ನೊಂದು ಮರದ ಕೆಳಭಾಗಕ್ಕೆ ಅಂಟಿಕೊಳ್ಳುತ್ತದೆ, ಕಣ್ಣು ಅಲ್ಲಿರಲಿ. ಬಿಟ್ಟುಬಿಟ್ಟು ಟಕ್ ಟಕ್ ಎಂದರೆ ಊಟದ ಹುಡುಕಾಟ. ಒಂದೇ ಉಸಿರಿಗೆ ಡೋಲು ಉರುಳಿದಂತಿದ್ದರೆ, ಈ ಜಾಗ ನನ್ನದು ಎಂಬ ಸಾರುವಿಕೆ.

ಹಕ್ಕಿಗೆ ಏನಾದರೂ ಕೊಡಲೇಬೇಕೆಂದಿದ್ದರೆ ಒಣಮರ ಕೊಡಿ. ಆದರೆ ಸತ್ತ ತೆಂಗಲ್ಲ. ಕೊಳೆಯುವ ತೆಂಗಿನ ಕಾಂಡದಲ್ಲಿ ಕುರುವಾಯಿ ಎಂಬ ಕೊಂಬಿನ ದುಂಬಿ ಮೊಟ್ಟೆಯಿಡುತ್ತದೆ, ಕಾಂಡ ಕೊರೆಯುವ ಕೆಂಪುಮೂತಿ ಹುಳು ಹೊಕ್ಕ ಮರದಿಂದ ನೆರೆಯ ಮರಗಳಿಗೂ ಕೇಡು. ಅಂಥದ್ದನ್ನು ಕಡಿದು ಸೀಳಿ ಸುಡಲೇಬೇಕು. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ, ಕಾಸರಗೋಡಿನದೇ ಆದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಇರುವಾಗ ಈ ವಿಷಯದಲ್ಲಿ ಸಂಶಯ ಬಂದರೆ ಹೋಗಿ ಕೇಳುವುದೂ ಕಷ್ಟವಲ್ಲ. ಉಳಿಸಬೇಕಾದದ್ದು ಕಾಳುಮೆಣಸು ಹಬ್ಬಿಸಿದ್ದ ಹಾಲುವಾಣ ಒಣಗಿದ್ದರೆ ಅದನ್ನು, ಇಲ್ಲವೇ ಮಾವಿನ ಒಣ ಬೊಡ್ಡೆಯನ್ನು. ಮೆದು ಮರ, ಕೊರೆಯಲು ಸಲೀಸು. ಕೊಂಬೆಗಳನ್ನು ಸವರಿ ಎರಡಾಳೆತ್ತರ ನಿಲ್ಲಿಸಿ; ಮನೆ, ದಾರಿ, ಕರೆಂಟಿನ ತಂತಿ ಅದು ಬಿದ್ದರೂ ತಾಗದಷ್ಟು ದೂರವಿರಲಿ. ಮರಕುಟಿಗ ಬಿಟ್ಟುಹೋದ ಪೊಟರೆಗೆ ಮುಂದೆ ಮೈನಾ, ಮಡಿವಾಳ ಹಕ್ಕಿ ಬಂದು ಸೇರುತ್ತವೆ.

ಬೊಡ್ಡೆಯಲ್ಲಿ ಹೊಸ ತೂತು ಕಂಡರೆ, ಫೆಬ್ರವರಿಯಿಂದ ಮಳೆ ಹಿಡಿದು ಮರಿ ಹಾರುವವರೆಗೆ ಆ ಮರಕ್ಕೆ ಏಣಿ ಇಡಬೇಡಿ ಎಂದು ತೋಟದ ಕೆಲಸದವರಿಗೆ ಹೇಳಿ ಬನ್ನಿ.